ಆಂಟಿ-ಸ್ಪೈವೇರ್‌ಗಳ ಬಲಾಬಲ: ನಿಮ್ಮ ಕಂಪ್ಯೂಟರಿನಲ್ಲೇ ಒರೆಗೆ ಹಚ್ಚುವ ಬಗೆ

ಬಾಗಲಕೋಟೆಯ ನವನಗರದಲ್ಲಿ ನನ್ನ ಪರಿಚಯದವರೊಬ್ಬರ ಝೆರಾಕ್ಸ್ ಅಂಗಡಿಯಿದೆ. ಉತಾರ ತೆಗೆಸುವವರು, ವಿದ್ಯಾರ್ಥಿವೇತನದ ಅರ್ಜಿ ತುಂಬಿಸುವವರು, ಕರಾರುಪತ್ರ ಟೈಪ್ ಮಾಡಿಸುವವರು ಬೆಳಗಿನಿಂದ ಸಂಜೆಯವರೆಗೆ ಅಲ್ಲಿಗೆ ಬರುತ್ತಾರೆ. ಅವರ ಜೊತೆಗೆ ಅವರ ಪೆನ್ ಡ್ರೈವ್‌ಗಳೂ ಬರುತ್ತವೆ. ಕಳೆದ ಬೇಸಿಗೆಯಲ್ಲಿ ಕಂಪ್ಯೂಟರ್ ತೀರ ನಿಧಾನವಾಗಿದೆ ಎಂದು ಅವರು ಕರೆದಾಗ ಹೋಗಿ ನೋಡಿದೆ. ಒಂದೇ ಯಂತ್ರದಲ್ಲಿ, ಗುಟ್ಟಾಗಿ ಮಾಹಿತಿ ಕದಿಯುವ ಸ್ಪೈವೇರನ್ನು ಹಿಡಿಯುವ ಮೂರು ಆಂಟಿ-ಸ್ಪೈವೇರ್‌ಗಳಿದ್ದವು, ಆದರೂ ಬ್ರೌಸರ್ ತೆರೆದರೆ ಹೆಸರೇ ಕೇಳದ ಒಂದು ಹುಡುಕುತಾಣ ಬಂದು ನಿಲ್ಲುತ್ತಿತ್ತು. ಕಾರಣ ಹುಡುಕುತ್ತ ಹೋದಾಗ, ಸದಾ ಕಾವಲಿಗೆಂದು ಹಾಕಿದ್ದ ತಂತ್ರಾಂಶವು ತಪಾಸಣೆ ಮಾಡದೆ ಬಿಡಬೇಕಾದವುಗಳ ವಿನಾಯಿತಿ ಪಟ್ಟಿಯಲ್ಲಿ ಇಡೀ ಸಿ ಡ್ರೈವ್ ಸೇರಿಕೊಂಡಿರುವುದು ಕಂಡಿತು. ಕೇಳಿದ್ದಕ್ಕೆ ಆಪರೇಟರ್ ಹುಡುಗ, "ನುಡಿ ಓಪನ್ ಆಗವಲ್ದಾಗಿತ್ರಿ ಸರ್, ಗಿರಾಕಿ ನಿಂತಿದ್ರು, ಅದಕ್ಕ ಎಲ್ಲಾ ಬಿಟ್ಟೇನ್ರಿ" ಎಂದ. ನುಡಿ ಎಂದರೆ ಕನ್ನಡ ಟೈಪ್ ಮಾಡುವ ತಂತ್ರಾಂಶ.

ಆ ಹುಡುಗನದು ತಪ್ಪೆಂದು ನನಗೆ ಅನಿಸಲಿಲ್ಲ. ಕಾವಲುಗಾರನು ಮನೆಯವರನ್ನೇ ಒಳಗೆ ಬಿಡದಿದ್ದರೆ ಮನೆಯವರು ಅವನನ್ನು ಹೊರಗೆ ಕಳಿಸುತ್ತಾರೆ. ಆದ್ದರಿಂದ ಆಂಟಿ-ಸ್ಪೈವೇರ್‌ಗಳನ್ನು ಹೋಲಿಸುವಾಗ ಅದು ಎಷ್ಟು ಕಳ್ಳರನ್ನು ಹಿಡಿಯುತ್ತದೆ ಎಂಬುದರಷ್ಟೇ ತೂಕವನ್ನು, ನಮ್ಮ ದಿನನಿತ್ಯದ ತಂತ್ರಾಂಶಗಳನ್ನು ಅದು ಎಷ್ಟು ಸಲ ಕಳ್ಳನೆಂದು ತಪ್ಪು ತಿಳಿಯುತ್ತದೆ ಎಂಬುದಕ್ಕೂ ಕೊಡಬೇಕು. ನುಡಿಯನ್ನೂ ಅಂತಹುದೇ ತಂತ್ರಾಂಶವಾದ ಬರಹವನ್ನೂ ಬಳಸುವ ನಮ್ಮ ಕಡೆಯ ಅಂಗಡಿಗೆ ಈ ಎರಡನೆಯ ಅಳತೆಯನ್ನು ಹೊರದೇಶದ ಯಾವ ಪ್ರಯೋಗಾಲಯವೂ ತೆಗೆದುಕೊಡುವುದಿಲ್ಲ. ಅದನ್ನು ನಾವೇ ತೆಗೆಯಬೇಕು, ಮತ್ತು ಒಂದು ನೋಟ್‌ಬುಕ್, ಒಂದು ಗಡಿಯಾರ, ಎರಡು-ಮೂರು ವಾರದ ತಾಳ್ಮೆ ಇದ್ದರೆ ಅದು ಸಾಧ್ಯ.

ಮೊದಲು: ಯಾವುದರ ಭಯ ಎಂಬುದನ್ನು ಗೊತ್ತುಮಾಡಿಕೊಳ್ಳಿ

ಸ್ಪೈವೇರ್ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಸ್ವಭಾವದ ತಂತ್ರಾಂಶಗಳಿವೆ. ಬ್ರೌಸರಿನ ಮುಖಪುಟವನ್ನು ಬದಲಿಸಿ, ಬೇಡದ ಟೂಲ್‌ಬಾರ್ ಅಂಟಿಸಿ, ನೀವು ಏನು ಹುಡುಕುತ್ತೀರಿ ಎಂಬುದನ್ನು ಜಾಹೀರಾತಿನವರಿಗೆ ಒಪ್ಪಿಸುವ ಆ್ಯಡ್‌ವೇರ್ ಒಂದು ಬಗೆ. ಒತ್ತಿದ ಪ್ರತಿ ಕೀಲಿಯನ್ನೂ ಬರೆದಿಟ್ಟುಕೊಳ್ಳುವ ಕೀಲಾಗರ್ ಮತ್ತೊಂದು. ಈಚಿನ ವರ್ಷಗಳಲ್ಲಿ ಹೆಚ್ಚು ಹಾನಿ ಮಾಡುತ್ತಿರುವುದು ಇನ್ಫೋಸ್ಟೀಲರ್ ಎಂಬ ಬಗೆ. ಅದು ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೂ, ಲಾಗಿನ್ ಆಗಿರುವ ಖಾತೆಗಳ ಕುಕಿಗಳನ್ನೂ (ಮತ್ತೆ ಪಾಸ್‌ವರ್ಡ್ ಕೇಳದೆ ಒಳಬಿಡುವ ಗುರುತುಚೀಟಿಗಳನ್ನು) ಬಾಚಿಕೊಂಡು ಕೆಲವೇ ನಿಮಿಷಗಳಲ್ಲಿ ಹೊರಗೆ ಕಳಿಸಿಬಿಡುತ್ತದೆ. ಎಷ್ಟೋ ಸಲ ಕೆಲಸ ಮುಗಿದ ಮೇಲೆ ತನ್ನ ಗುರುತನ್ನೂ ಅಳಿಸಿಕೊಳ್ಳುತ್ತದೆ.

ಈ ವ್ಯತ್ಯಾಸ ನಿಮ್ಮ ಆಯ್ಕೆಯನ್ನೇ ಬದಲಿಸುತ್ತದೆ. ಆ್ಯಡ್‌ವೇರ್ ವಾರಗಟ್ಟಲೆ ಒಳಗೆ ಕುಳಿತಿರುವುದರಿಂದ, ಆಮೇಲೆ ಹುಡುಕಿ ತೆಗೆಯುವ ಸಾಧನವೂ ಅದಕ್ಕೆ ಸಾಕಾಗುತ್ತದೆ. ಇನ್ಫೋಸ್ಟೀಲರ್‌ನ ವಿಷಯದಲ್ಲಿ ಭಾನುವಾರಕ್ಕೊಮ್ಮೆ ಸ್ಕ್ಯಾನ್ ಮಾಡುವ ಸಾಧನವು ಎಷ್ಟೇ ಚುರುಕಾಗಿದ್ದರೂ, ಕಳ್ಳನು ಹೋದ ಮೇಲೆ ಬಾಗಿಲು ಮುಚ್ಚಿದಂತೆ. ಅಲ್ಲಿ ಬಾಗಿಲಲ್ಲೇ ತಡೆಯುವ ಸದಾ ಕಾವಲು ಬೇಕು. ಲೆಕ್ಕಪತ್ರದ ಟ್ಯಾಲಿ, ನೆಟ್ ಬ್ಯಾಂಕಿಂಗ್, ಜಿಎಸ್‌ಟಿ ಎಲ್ಲವೂ ನಡೆಯುವ ಅಡತಿ ಅಂಗಡಿಯ ಕಂಪ್ಯೂಟರಿಗೆ ಇನ್ಫೋಸ್ಟೀಲರ್‌ನ ಭಯವೇ ದೊಡ್ಡದು. ಮಕ್ಕಳು ಆಟಗಳನ್ನು ಇಳಿಸಿಕೊಳ್ಳುವ ಮನೆಯ ಲ್ಯಾಪ್‌ಟಾಪಿನಲ್ಲಿ ಎರಡೂ ಬೆರೆತಿರುತ್ತವೆ, ಏಕೆಂದರೆ ಕ್ರ್ಯಾಕ್ ಮಾಡಿದ ಆಟ ಮತ್ತು ಪುಕ್ಕಟೆಯಾಗಿ ಸಿಗುವ ದುಬಾರಿ ತಂತ್ರಾಂಶಗಳ ಕಳ್ಳಪ್ರತಿಗಳು ಇನ್ಫೋಸ್ಟೀಲರ್ ಹರಡುವ ಮುಖ್ಯ ದಾರಿಗಳಲ್ಲಿ ಒಂದು.

ಎರಡನೆಯದಾಗಿ: ಒಂದೇ ಕೆಲಸದವುಗಳನ್ನು ಮಾತ್ರ ಹೋಲಿಸಿ

ಕೂರಿಗೆಯನ್ನೂ ಕುಂಟೆಯನ್ನೂ ಪಕ್ಕದಲ್ಲಿಟ್ಟು ಯಾವುದು ಮೇಲು ಎಂದು ರೈತನನ್ನು ಕೇಳಿದರೆ ಅವನು ನಗುತ್ತಾನೆ. ಆಂಟಿ-ಸ್ಪೈವೇರ್‌ಗಳ ವಿಷಯದಲ್ಲಿ ನಾವು ಆ ಪ್ರಶ್ನೆಯನ್ನೇ ಕೇಳುತ್ತಿರುತ್ತೇವೆ.

ಸದಾ ಕಾವಲಿನ ಗುಂಪಿನಲ್ಲಿ ವಿಂಡೋಸ್ ಜೊತೆಗೇ ಬರುವ ಮೈಕ್ರೋಸಾಫ್ಟ್ ಡಿಫೆಂಡರ್, ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7, ಇಸೆಟ್, ಬಿಟ್‌ಡಿಫೆಂಡರ್, ಮಾಲ್‌ವೇರ್‌ಬೈಟ್ಸ್‌ನ ಹಣ ಕೊಡುವ ಆವೃತ್ತಿ ಇತ್ಯಾದಿ ಇವೆ. ಕರೆದಾಗ ಮಾತ್ರ ಬಂದು ಹುಡುಕಿಕೊಡುವ ಗುಂಪಿನಲ್ಲಿ ಮಾಲ್‌ವೇರ್‌ಬೈಟ್ಸ್‌ನ ಉಚಿತ ಆವೃತ್ತಿ, ಇಸೆಟ್ ಆನ್‌ಲೈನ್ ಸ್ಕ್ಯಾನರ್, ಪೆನ್ ಡ್ರೈವ್‌ನಿಂದಲೇ ನಡೆಯುವ ಎಮ್ಸಿಸಾಫ್ಟ್ ಎಮರ್ಜೆನ್ಸಿ ಕಿಟ್ ಮತ್ತು ಇಳಿಸಿಕೊಂಡ ಹತ್ತು ದಿನಕ್ಕೆ ಅವಧಿ ಮುಗಿಯುವ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಇವೆ. ಆ್ಯಡ್‌ಡಬ್ಲ್ಯುಕ್ಲೀನರ್ ಇನ್ನೂ ಸಣ್ಣ ಕೆಲಸದ್ದು. ಟೂಲ್‌ಬಾರ್ ಮತ್ತು ಬ್ರೌಸರ್ ಅಪಹರಣವನ್ನು ಅದು ಬಹಳ ಚೆನ್ನಾಗಿ ತೆಗೆಯುತ್ತದೆ, ಆದರೆ ಕೀಲಾಗರ್ ಹಿಡಿಯಲಿಲ್ಲವೆಂದು ಅದನ್ನು ದೂರುವುದು ನ್ಯಾಯವಲ್ಲ.

ಒಂದು ಗೊಂದಲವನ್ನು ಇಲ್ಲಿಯೇ ಬಿಡಿಸಿಬಿಡುತ್ತೇನೆ. ಮಾಲ್‌ವೇರ್‌ಬೈಟ್ಸ್ ಹಾಕಿಕೊಂಡವರಿಗೆ ಮೊದಲ 14 ದಿನ ಹಣದ ಆವೃತ್ತಿಯ ಸೌಲಭ್ಯಗಳು ಪರೀಕ್ಷೆಗೆಂದು ಸಿಗುತ್ತವೆ. ಆ ಅವಧಿ ಮುಗಿದ ಮೇಲೆ ಐಕಾನ್ ಅಲ್ಲಿಯೇ ಇರುತ್ತದೆ, ಕಾವಲು ಮಾತ್ರ ಇರುವುದಿಲ್ಲ. ನಾವೇ ಸ್ಕ್ಯಾನ್ ಗುಂಡಿ ಒತ್ತಿದರೆ ಮಾತ್ರ ಅದು ಕೆಲಸ ಮಾಡುತ್ತದೆ. ಐಕಾನ್ ನೋಡಿ ಧೈರ್ಯದಿಂದಿರುವ ಎಷ್ಟೋ ಜನರನ್ನು ನಾನು ಕಂಡಿದ್ದೇನೆ.

ಹಳೆಯ ಹೆಸರುಗಳ ಮೋಹವೂ ಬೇಡ. ಇಪ್ಪತ್ತು ವರ್ಷದ ಹಿಂದೆ ಆ್ಯಡ್-ಅವೇರ್ ಮತ್ತು ಸ್ಪೈಬಾಟ್ ಎಂಬ ಆಂಟಿ-ಸ್ಪೈವೇರ್‌ಗಳು ಇಲ್ಲದ ಕಂಪ್ಯೂಟರ್ ಅಪರೂಪವಾಗಿತ್ತು, ಏಕೆಂದರೆ ಆಗಿನ ಆಂಟಿವೈರಸ್‌ಗಳು ಸ್ಪೈವೇರನ್ನು ತಮ್ಮ ಕೆಲಸವೆಂದು ಪರಿಗಣಿಸುತ್ತಿರಲಿಲ್ಲ. ಮೈಕ್ರೋಸಾಫ್ಟ್ 2004ರ ಡಿಸೆಂಬರಿನಲ್ಲಿ ಜೈಂಟ್ ಎಂಬ ಕಂಪನಿಯನ್ನು ಕೊಂಡು ಅದರ ಆಂಟಿ-ಸ್ಪೈವೇರನ್ನೇ ಡಿಫೆಂಡರ್ ಆಗಿ ಬೆಳೆಸಿತು. 2012ರ ವಿಂಡೋಸ್ 8ರಲ್ಲಿ ಅದು ಪೂರ್ಣ ಆಂಟಿವೈರಸ್ ಆಯಿತು. ಆಂಟಿವೈರಸ್, ಆಂಟಿ-ಸ್ಪೈವೇರ್ ಎಂಬ ಗಡಿ ಈಗ ಬಹುಮಟ್ಟಿಗೆ ಅಳಿಸಿಹೋಗಿದೆ.

ಹೆಸರು ಬೇರೆಯಾದರೂ ಮನೆ ಒಂದೇ ಆಗಿರುವುದೂ ಉಂಟು. ಅವಾಸ್ಟ್ ಎಂಬ ಆಂಟಿವೈರಸ್ ಕಂಪನಿ 2016ರಲ್ಲಿ ಎವಿಜಿಯನ್ನು ಕೊಂಡಿತು. 2022ರಲ್ಲಿ ಅವಾಸ್ಟ್ ಮತ್ತು ನಾರ್ಟನ್ ಕೂಡಿ ಜೆನ್ ಡಿಜಿಟಲ್ ಆದವು. ಅವಿರಾ ಕೂಡ ಅದೇ ಮನೆಯಲ್ಲಿದೆ. ಅವಾಸ್ಟ್ ಮೇಲೋ ಎವಿಜಿ ಮೇಲೋ ಎಂದು ರಾತ್ರಿಯೆಲ್ಲ ತಲೆ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಮೂರನೆಯದಾಗಿ: ಪ್ರಯೋಗಾಲಯದ ವರದಿಯನ್ನು ಓದುವ ಬಗೆ

ಜರ್ಮನಿಯ ಮ್ಯಾಗ್ಡೆಬರ್ಗ್‌ನ ಎವಿ-ಟೆಸ್ಟ್ ಮತ್ತು ಆಸ್ಟ್ರಿಯಾದ ಇನ್ಸ್‌ಬ್ರುಕ್‌ನ ಎವಿ-ಕಂಪ್ಯಾರೇಟಿವ್ಸ್ ಎಂಬ ಎರಡು ಸಂಸ್ಥೆಗಳು ಆಂಟಿವೈರಸ್‌ಗಳನ್ನು ಪರೀಕ್ಷಿಸಿ ತಮ್ಮ ವರದಿಗಳನ್ನು ಯಾರು ಬೇಕಾದರೂ ಓದುವಂತೆ ಪ್ರಕಟಿಸುತ್ತವೆ. ಎವಿ-ಟೆಸ್ಟ್ ರಕ್ಷಣೆ, ವೇಗ ಮತ್ತು ಬಳಕೆಯ ಅನುಕೂಲ ಎಂಬ ಮೂರು ವಿಷಯಗಳಿಗೆ ತಲಾ 6ರಂತೆ ಒಟ್ಟು 18 ಅಂಕ ಕೊಡುತ್ತದೆ. ಮೇಲಿನ ಸಾಲಿನ ತಂತ್ರಾಂಶಗಳು ಬಹುತೇಕ 17.5 ಅಥವಾ 18ರ ಹತ್ತಿರವೇ ಇರುವುದರಿಂದ, ಒಟ್ಟು ಅಂಕ ನೋಡಿದರೆ ಏನೂ ತಿಳಿಯುವುದಿಲ್ಲ. ಬಳಕೆಯ ಅನುಕೂಲ ಎಂಬ ಕಾಲಂ ಅನ್ನು ಬಿಡಿಸಿ ನೋಡಿ. ಸುಳ್ಳು ಎಚ್ಚರಿಕೆಗಳ ಲೆಕ್ಕ ಅಲ್ಲಿರುತ್ತದೆ.

ಶೇಕಡಾವಾರು ಅಂಕಿಗಳಿಗೂ ಮರುಳಾಗಬೇಡಿ. ಹಾನಿಕರ ತಂತ್ರಾಂಶಗಳ 400 ಮಾದರಿಗಳ ಮೇಲೆ ಪರೀಕ್ಷೆ ನಡೆದಿದ್ದರೆ ಒಂದು ಮಾದರಿಯ ಬೆಲೆ ಶೇ 0.25. ಆಗ ಶೇ 99.75 ಮತ್ತು ಶೇ 99.5ರ ನಡುವಿನ ಅಂತರ ಒಂದೇ ಒಂದು ಮಾದರಿ. ಮುಂದಿನ ಸುತ್ತಿನಲ್ಲಿ ಅದು ತಲೆಕೆಳಗಾಗಬಹುದು. ಒಂದು ವರದಿಯ ಬದಲು ಒಂದೂವರೆ-ಎರಡು ವರ್ಷದ ವರದಿಗಳನ್ನು ತೆಗೆದು, ಏರಿಳಿತವಿಲ್ಲದೆ ನಿಂತಿರುವುದು ಯಾವುದು ಎಂದು ನೋಡುವುದು ಹೆಚ್ಚು ಉಪಯುಕ್ತ.

ನಮ್ಮ ಊರುಗಳಿಗೆ ಅತ್ಯಂತ ಉಪಯುಕ್ತವಾದ ಕಾಲಂ ಎವಿ-ಕಂಪ್ಯಾರೇಟಿವ್ಸ್‌ನ ಮಾಲ್‌ವೇರ್ ಪ್ರೊಟೆಕ್ಷನ್ ಪರೀಕ್ಷೆಯಲ್ಲಿದೆ. ಇಂಟರ್ನೆಟ್ ಇದ್ದಾಗ ಎಷ್ಟು ಪತ್ತೆಯಾಯಿತು, ಇಲ್ಲದಾಗ ಎಷ್ಟು ಪತ್ತೆಯಾಯಿತು ಎಂಬುದನ್ನು ಅವರು ಬೇರೆ ಬೇರೆಯಾಗಿ ಕೊಡುತ್ತಾರೆ. ಈಗಿನ ಬಹಳಷ್ಟು ತಂತ್ರಾಂಶಗಳು ಅನುಮಾನ ಬಂದ ಕಡತದ ಗುರುತನ್ನು ಕಂಪನಿಯ ಸರ್ವರಿಗೆ ಕಳಿಸಿ ಉತ್ತರ ಕೇಳುತ್ತವೆ. ನೆಟ್ ಕಡಿದುಹೋದರೆ ಕೆಲವುಗಳ ಬಲ ಅರ್ಧಕ್ಕಿಳಿಯುತ್ತದೆ, ಕೆಲವು ಹೆಚ್ಚು ಕುಗ್ಗದೆ ನಿಲ್ಲುತ್ತವೆ. ಬೀಳಗಿಯಲ್ಲೋ ಇಂಡಿಯಲ್ಲೋ ಮಧ್ಯಾಹ್ನ ಕರೆಂಟ್ ಹೋಗಿ, ರೂಟರ್ ಆರಿ, ಯುಪಿಎಸ್ ಮೇಲೆ ಕಂಪ್ಯೂಟರ್ ಮಾತ್ರ ನಡೆಯುತ್ತಿರುವಾಗ ಒಬ್ಬರು ಪೆನ್ ಡ್ರೈವ್ ತಂದು ಚುಚ್ಚಿದರೆ, ಆ ಹೊತ್ತಿಗೆ ಲೆಕ್ಕಕ್ಕೆ ಬರುವುದು ಎರಡನೆಯ ಅಂಕಿಯೇ.

ನಾಲ್ಕನೆಯದಾಗಿ: ನಿಮ್ಮ ಯಂತ್ರದಲ್ಲಿ ಪರೀಕ್ಷೆ

ಕೆಲಸ ಆರಂಭಿಸುವ ಮುನ್ನ ಟ್ಯಾಲಿಯ ಬ್ಯಾಕಪ್ ಮತ್ತು ಮುಖ್ಯ ಕಡತಗಳ ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದಿಡಿ, ವಿಂಡೋಸ್‌ನಲ್ಲಿ ಒಂದು ರಿಸ್ಟೋರ್ ಪಾಯಿಂಟ್ (ಎಡವಟ್ಟಾದರೆ ಹಿಂದಿನ ಸ್ಥಿತಿಗೆ ಮರಳುವ ಗುರುತು) ಮಾಡಿ. ಈಗಿರುವ ಸದಾ ಕಾವಲಿನ ತಂತ್ರಾಂಶಗಳಲ್ಲಿ ಒಂದನ್ನು ಉಳಿಸಿ ಉಳಿದವನ್ನು ತೆಗೆದುಹಾಕಿ. ಎರಡು ಕಾವಲುಗಳು ಒಂದೇ ಕಡತವನ್ನು ಏಕಕಾಲಕ್ಕೆ ಹಿಡಿದು ಎಳೆದಾಡಿದರೆ ಯಂತ್ರ ನಿಧಾನವಾಗುವುದಲ್ಲದೆ, ಯಾವುದರ ದೋಷ ಯಾವುದು ಎಂಬುದೂ ತಿಳಿಯದಾಗುತ್ತದೆ. ಆಮೇಲೆ ವಿನಾಯಿತಿ ಪಟ್ಟಿಯನ್ನು ತೆರೆಯಿರಿ. ಡಿಫೆಂಡರ್‌ನಲ್ಲಾದರೆ ಅದು ವಿಂಡೋಸ್ ಸೆಕ್ಯೂರಿಟಿಯ ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್ ಪುಟದಲ್ಲಿ, ಮ್ಯಾನೇಜ್ ಸೆಟ್ಟಿಂಗ್ಸ್ ಒಳಗೆ, ಎಕ್ಸ್‌ಕ್ಲೂಷನ್ಸ್ ಎಂಬ ಹೆಸರಿನಲ್ಲಿರುತ್ತದೆ. ಅಲ್ಲಿ ಇರುವುದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಖಾಲಿ ಮಾಡಿ. ನವನಗರದ ಅಂಗಡಿಯಲ್ಲಿ ಅರ್ಧ ರೋಗ ವಾಸಿಯಾದದ್ದು ಇಷ್ಟರಿಂದಲೇ.

ಈಗ ಕಾವಲು ಎಚ್ಚರವಾಗಿದೆಯೇ ಎಂದು ನೋಡಬೇಕು. ಇದಕ್ಕಾಗಿ ನಿಜವಾದ ಸ್ಪೈವೇರನ್ನು ಎಲ್ಲಿಂದಲೂ ತರಬೇಡಿ. ಹಾಗೆ ಮಾಡಿದವರ ಕಥೆಗಳು ಒಳ್ಳೆಯವಲ್ಲ. ಐಕಾರ್ ಎಂಬ 68 ಅಕ್ಷರಗಳ ನಿರಪಾಯ ಪರೀಕ್ಷಾ ಕಡತವಿದೆ. ಅದನ್ನು ಇಳಿಸಿಕೊಳ್ಳಲು ಹೋದರೆ ಕಾವಲು ಕೂಗಬೇಕು. ಕೂಗಿದರೆ ಅದು ಬಲಿಷ್ಠ ಎಂದಲ್ಲ, ಎಚ್ಚರವಿದೆ ಎಂದಷ್ಟೇ ಅರ್ಥ. ಮನೆಯ ಕರೆಗಂಟೆ ಒತ್ತಿ ನೋಡಿದಂತೆ. ಕರೆದಾಗ ಮಾತ್ರ ಬರುವ ಕೆಲವು ಸಾಧನಗಳು ಈ ಕಡತವನ್ನು ಬೇಕೆಂದೇ ಗಣಿಸುವುದಿಲ್ಲವಾದ್ದರಿಂದ ಅವನ್ನು ಇದರಿಂದ ಅಳೆಯಬೇಡಿ. ಆ್ಯಮ್ಟ್ಸೊ ಎಂಬ ಆಂಟಿವೈರಸ್ ಪರೀಕ್ಷಾ ಮಾನದಂಡಗಳ ಒಕ್ಕೂಟದ ತಾಣದಲ್ಲಿ ಇಂತಹ ಇನ್ನೂ ಕೆಲವು ನಿರಪಾಯ ಪರೀಕ್ಷೆಗಳಿವೆ. ಅವುಗಳಲ್ಲಿ "ಬೇಡದ ತಂತ್ರಾಂಶ"ದ ಪರೀಕ್ಷೆಯನ್ನು ಮರೆಯದೆ ಮಾಡಿ, ಏಕೆಂದರೆ ಆ್ಯಡ್‌ವೇರ್ ಬಹುಮಟ್ಟಿಗೆ ಈ ವರ್ಗಕ್ಕೇ ಸೇರುತ್ತದೆ ಮತ್ತು ಹಲವು ಯಂತ್ರಗಳಲ್ಲಿ ಈ ಆಯ್ಕೆ ಆಫ್ ಆಗಿರುತ್ತದೆ. ಡಿಫೆಂಡರ್‌ನಲ್ಲಿ ಅದು ಆ್ಯಪ್ ಅಂಡ್ ಬ್ರೌಸರ್ ಕಂಟ್ರೋಲ್ ಪುಟದ ರೆಪ್ಯುಟೇಷನ್ ಬೇಸ್ಡ್ ಪ್ರೊಟೆಕ್ಷನ್ ಒಳಗಿದೆ. ಇದು ಆಫ್ ಇದ್ದ ಡಿಫೆಂಡರನ್ನು ಇನ್ನೊಂದರೊಂದಿಗೆ ಹೋಲಿಸಿ, ಡಿಫೆಂಡರ್ ಕೆಲಸಕ್ಕೆ ಬಾರದೆಂದು ತೀರ್ಮಾನಿಸುವವರು ಕಡಿಮೆಯಿಲ್ಲ.

ಮುಂದಿನದು ನನ್ನ ಮಟ್ಟಿಗೆ ಮುಖ್ಯ ಪರೀಕ್ಷೆ. ನಿಮ್ಮ ಅಂಗಡಿಯಲ್ಲಿ ದಿನವೂ ತೆರೆಯುವ ತಂತ್ರಾಂಶಗಳ ಪಟ್ಟಿ ಮಾಡಿ: ನುಡಿ, ಬರಹ, ಟ್ಯಾಲಿ, ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚಿನ ಯಂತ್ರದ ಸರ್ವಿಸ್, ದೂರದಿಂದಲೇ ಕಂಪ್ಯೂಟರ್ ನಡೆಸುವ ಎನಿಡೆಸ್ಕ್, ಪ್ರಿಂಟರ್. ಇವುಗಳಲ್ಲಿ ನುಡಿ ಮತ್ತು ಬರಹದ ಕೀಲಿಮಣೆ ಸಾಧನಗಳು ಮಾಡುವ ಕೆಲಸವೇ ವಿಚಿತ್ರವಾದದ್ದು. ನೀವು ಬೇರೆ ಯಾವುದೋ ಕಿಟಕಿಯಲ್ಲಿ ಕೀಲಿ ಒತ್ತಿದರೆ, ಅವು ಅದನ್ನು ನಡುದಾರಿಯಲ್ಲಿ ಹಿಡಿದು, ಕನ್ನಡ ಅಕ್ಷರವಾಗಿ ಮಾರ್ಪಡಿಸಿ ಮುಂದೆ ಬಿಡುತ್ತವೆ. ಕೀಲಾಗರ್ ಕೂಡ ಕೀಲಿಯನ್ನು ನಡುದಾರಿಯಲ್ಲೇ ಹಿಡಿಯುತ್ತದೆ. ತಿಳಿದಿರುವ ಸ್ಪೈವೇರ್‌ಗಳ ಗುರುತುಪಟ್ಟಿ ನೋಡಿ ಅಲ್ಲ, ನಡತೆ ನೋಡಿ ಅನುಮಾನಿಸುವ ಆಂಟಿ-ಸ್ಪೈವೇರ್‌ಗೆ ಇಬ್ಬರೂ ಒಂದೇ ತರಹ ಕಂಡರೆ ಅದರಲ್ಲಿ ಆಶ್ಚರ್ಯವಿಲ್ಲ. ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳಲ್ಲಿ ಇಲ್ಲದ, ಕನ್ನಡಿಗರಲ್ಲಿ ಮಾತ್ರ ಇರುವ ಕಡತ ಅದಕ್ಕೆ ಪರಿಚಯವೂ ಇರುವುದಿಲ್ಲ. ಎನಿಡೆಸ್ಕ್‌ನಂತಹವು ವಂಚಕರ ಕೈಯಲ್ಲೂ ಇರುವುದರಿಂದ ಅವುಗಳ ಮೇಲಿನ ಅನುಮಾನಕ್ಕೆ ತಕ್ಕ ಕಾರಣವಿದೆ.

ಪ್ರತಿ ಆಂಟಿ-ಸ್ಪೈವೇರನ್ನೂ ಒಂದೊಂದಾಗಿ ಹಾಕಿ, ಈ ಪಟ್ಟಿಯ ಪ್ರತಿಯೊಂದನ್ನೂ ತೆರೆದು, ಒಂದು ಪುಟ ನುಡಿಯಲ್ಲಿ ಟೈಪ್ ಮಾಡಿ, ಟೋಕನ್ನಿನಿಂದ ಒಂದು ಕಡತಕ್ಕೆ ಸಹಿ ಹಾಕಿ ನೋಡಿ. ಎಷ್ಟು ಸಲ ತಡೆಯಿತು ಎಂದು ಬರೆಯಿರಿ. ತಡೆದಾಗ ಹೇಗೆ ತಡೆಯಿತು ಎಂಬುದನ್ನೂ ಬರೆಯಿರಿ: ಹೇಳಿ ತಡೆಯಿತೋ, ಸದ್ದಿಲ್ಲದೆ ಕಡತವನ್ನು ಕ್ವಾರಂಟೈನಿಗೆ ಸಾಗಿಸಿತೋ, ಅಲ್ಲಿಂದ ಮರಳಿ ತರುವುದು ಆಪರೇಟರ್ ಹುಡುಗನಿಗೆ ತಾನಾಗಿ ಸಾಧ್ಯವಾಯಿತೋ. ಹತ್ತು ಗುಂಡಿ ಒತ್ತಿ ಇಂಗ್ಲಿಷಿನ ನಾಲ್ಕು ಎಚ್ಚರಿಕೆ ದಾಟಬೇಕಾದರೆ, ಅವನು ಎರಡನೆಯ ದಿನವೇ ಇಡೀ ಡ್ರೈವಿಗೆ ವಿನಾಯಿತಿ ಕೊಡುತ್ತಾನೆ.

ಸುಳ್ಳು ಎಚ್ಚರಿಕೆ ಎಂದು ಖಚಿತಪಡಿಸಿಕೊಳ್ಳುವುದಕ್ಕೂ ಒಂದು ಕ್ರಮವಿದೆ. ನುಡಿಯನ್ನು ಪೆನ್ ಡ್ರೈವಿನಲ್ಲಿ ಕೈಯಿಂದ ಕೈಗೆ ದಾಟಿ ಬಂದ ಪ್ರತಿಯಿಂದ ಹಾಕಿಕೊಂಡಿದ್ದರೆ ಅದನ್ನು ಮೊದಲು ತೆಗೆದು, ಕನ್ನಡ ಗಣಕ ಪರಿಷತ್ತಿನ ತಾಣದಿಂದ ಹೊಸದಾಗಿ ಇಳಿಸಿಕೊಳ್ಳಿ; ಎಚ್ಚರಿಕೆ ನಿಜವೇ ಆಗಿರುವ ಸಾಧ್ಯತೆಯೂ ಇರುತ್ತದೆ. ಹೊಸ ಪ್ರತಿಗೂ ಎಚ್ಚರಿಕೆ ಬಂದರೆ ಆ ಕಡತವನ್ನು ವೈರಸ್‌ಟೋಟಲ್ ಎಂಬ ತಾಣಕ್ಕೆ ಏರಿಸಿ. ಅಲ್ಲಿ ಅನೇಕ ಕಂಪನಿಗಳ ಎಂಜಿನ್‌ಗಳು ಒಟ್ಟಿಗೆ ಅದನ್ನು ನೋಡುತ್ತವೆ; ಒಂದೋ ಎರಡೋ ಮಾತ್ರ ಕೂಗಿದರೆ ಅದು ಸುಳ್ಳು ಎಚ್ಚರಿಕೆಯಾಗಿರುವ ಸಂಭವ ಹೆಚ್ಚು. ಆದರೆ ಗಿರಾಕಿಗಳ ಆಧಾರ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್‌ಗಳನ್ನು ಅಲ್ಲಿಗೆ ಎಂದೂ ಏರಿಸಬಾರದು, ಏರಿಸಿದ ಕಡತಗಳನ್ನು ಆ ಸೇವೆಯ ಚಂದಾದಾರರು ನೋಡಬಲ್ಲರು. ಕೊನೆಯಲ್ಲಿ ವಿನಾಯಿತಿ ಕೊಡುವುದಾದರೆ ಆ ಒಂದು ಕಡತಕ್ಕೆ ಮಾತ್ರ ಕೊಡಿ, ಫೋಲ್ಡರಿಗಲ್ಲ, ಡ್ರೈವಿಗಂತೂ ಅಲ್ಲವೇ ಅಲ್ಲ.

ವೇಗದ ಅಳತೆ ಸರಳ. ಪವರ್ ಗುಂಡಿ ಒತ್ತಿದಾಗಿನಿಂದ ಟ್ಯಾಲಿ ತೆರೆದು ಕೆಲಸಕ್ಕೆ ಸಿದ್ಧವಾಗುವವರೆಗಿನ ಹೊತ್ತನ್ನು ಮೂರು ಬೆಳಗು ಅಳೆದು ಸರಾಸರಿ ತೆಗೆಯಿರಿ. ಪೂರ್ಣ ಸ್ಕ್ಯಾನನ್ನು ಎರಡು ಸಲ ಮಾಡಿಸಿ. ಮೊದಲ ಸಲಕ್ಕಿಂತ ಎರಡನೆಯ ಸಲ ಬೇಗ ಮುಗಿಯುವುದು ಸಾಮಾನ್ಯ, ಹೋಲಿಕೆಗೆ ಎರಡನೆಯದನ್ನೇ ಬಳಸಿ. 4 ಜಿಬಿ ಮೆಮೊರಿ ಮತ್ತು ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಈ ಅಂತರ ಕಣ್ಣಿಗೆ ಹೊಡೆಯುವಷ್ಟು ಇರುತ್ತದೆ. ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಇದ್ದರೆ ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಐದನೆಯದಾಗಿ: ಕಾವಲುಗಾರನ ನಡತೆ

ಆಂಟಿ-ಸ್ಪೈವೇರ್‌ಗೆ ನಮ್ಮ ಪ್ರತಿ ಕಡತವೂ, ಪ್ರತಿ ತಾಣವೂ ಕಾಣುತ್ತದೆ. ಆದ್ದರಿಂದ ಅದು ಏನನ್ನು ಹೊರಗೆ ಕಳಿಸುತ್ತದೆ ಎಂಬುದು ಹೋಲಿಕೆಯ ಒಂದು ಭಾಗವಾಗಬೇಕು. ಅವಾಸ್ಟ್ ತನ್ನ ಬಳಕೆದಾರರ ಬ್ರೌಸಿಂಗ್ ಮಾಹಿತಿಯನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತೆಂದು 2020ರಲ್ಲಿ ಬಯಲಾಗಿ ಆ ಅಂಗಸಂಸ್ಥೆ ಮುಚ್ಚಿತು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ಪ್ರಕರಣದಲ್ಲಿ 1.65 ಕೋಟಿ ಡಾಲರ್ ಕಟ್ಟುವಂತೆ ಆದೇಶಿಸಿತು. ಯಾವುದನ್ನೇ ಹಾಕಿದರೂ ಸೆಟ್ಟಿಂಗ್‌ನ ಪ್ರೈವಸಿ ಪುಟವನ್ನು ತೆರೆದು, ಮಾಹಿತಿ ಹಂಚಿಕೆಯ ಗುರುತುಗಳನ್ನು ಒಮ್ಮೆ ನೋಡಿ. ಹಣ ಕೊಡುವ ತಂತ್ರಾಂಶವಾದರೆ ಮೊದಲ ವರ್ಷದ ಬೆಲೆಯನ್ನಲ್ಲ, ಎರಡನೆಯ ವರ್ಷದ ನವೀಕರಣದ ಬೆಲೆಯನ್ನು ಬರೆದುಕೊಳ್ಳಿ.

ಬ್ರೌಸರಿನಲ್ಲಿ ತಾನಾಗಿ ಬಂದು, ನಿಮ್ಮ ಕಂಪ್ಯೂಟರಿನಲ್ಲಿ ಇಷ್ಟು ಸ್ಪೈವೇರ್ ಸಿಕ್ಕಿದೆ, ಈ ನಂಬರಿಗೆ ಕರೆ ಮಾಡಿ ಎಂದು ಕೂಗುವುದು ಯಾವುದೂ ಹೋಲಿಕೆಗೆ ಅರ್ಹವಲ್ಲ. ಅದೇ ವಂಚಕರ ಬಲೆ.

ತೀರ್ಮಾನ ಹೇಗೆ

ಅಂಕಗಳನ್ನೆಲ್ಲ ಕೂಡಿ ಒಂದು ಮೊತ್ತ ತೆಗೆಯುವುದು ನನಗೆ ಒಪ್ಪಿಗೆಯಿಲ್ಲ. ಪತ್ತೆಯ ಬಲದಲ್ಲಿ ವರದಿಗಳ ಮೇಲಿನ ಸಾಲಿನಲ್ಲಿರುವವುಗಳನ್ನು ಸಮವೆಂದೇ ಹಿಡಿದು, ಅವುಗಳಲ್ಲಿ ನಿಮ್ಮ ಪಟ್ಟಿಯ ತಂತ್ರಾಂಶಗಳನ್ನು ಅತಿ ಕಡಿಮೆ ತಡೆದದ್ದನ್ನು ಆರಿಸಿ. ಅಲ್ಲಿಯೂ ಸಮವಾದರೆ ನೆಟ್ ಇಲ್ಲದಾಗಿನ ಬಲವನ್ನು ನೋಡಿ, ಆಮೇಲೆ ವೇಗವನ್ನು. ನವನಗರದ ಅಂಗಡಿಯಲ್ಲಿ ಈ ಕ್ರಮದಿಂದ ಉಳಿದದ್ದು ಡಿಫೆಂಡರ್. ಅದರ ಜೊತೆಗೆ ತಿಂಗಳಿಗೊಮ್ಮೆ ಇನ್ನೊಬ್ಬ ವೈದ್ಯರಿಗೆ ತೋರಿಸಿದಂತೆ ಮಾಲ್‌ವೇರ್‌ಬೈಟ್ಸ್‌ನ ಉಚಿತ ಸ್ಕ್ಯಾನ್, ಬ್ರೌಸರ್ ಹಟ ಮಾಡಿದಾಗ ಆ್ಯಡ್‌ಡಬ್ಲ್ಯುಕ್ಲೀನರ್. ನೋಡಿಕೊಳ್ಳುವವರು ಯಾರೂ ಇಲ್ಲದ, ತೊಂದರೆಯಾದರೆ ಫೋನಿನಲ್ಲಿ ಕೇಳುವುದಕ್ಕೆ ಒಬ್ಬರು ಬೇಕೇಬೇಕು ಎನ್ನುವ ಕಚೇರಿಗೆ, ಊರಿನ ಕಂಪ್ಯೂಟರ್ ಅಂಗಡಿಯಲ್ಲೇ ಸಿಗುವ ಹಣದ ತಂತ್ರಾಂಶ ಹೆಚ್ಚು ಹೊಂದಬಹುದು. ಹುಬ್ಬಳ್ಳಿಯವರೆಗೆ ಯಂತ್ರ ಹೊತ್ತು ಹೋಗುವುದಕ್ಕಿಂತ ಅದು ಅಗ್ಗ.

ಪರೀಕ್ಷೆಯ ನಡುವೆಯೇ ನಿಜವಾದ ಇನ್ಫೋಸ್ಟೀಲರ್ ಸಿಕ್ಕಿದರೆ ಹೋಲಿಕೆಯನ್ನು ಅಲ್ಲಿಗೆ ನಿಲ್ಲಿಸಿ. ನೆಟ್ ಕೇಬಲ್ ತೆಗೆದು, ಬೇರೊಂದು ಶುದ್ಧ ಸಾಧನದಿಂದ ಇಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಲಾಗ್ಔಟ್ ಮಾಡುವ ಆಯ್ಕೆಯನ್ನು ಬಳಸಿ. ಕುಕಿ ಕದ್ದವನಿಗೆ ಪಾಸ್‌ವರ್ಡ್ ಬದಲಾದರೂ ಒಳಗಿರುವ ದಾರಿ ಉಳಿದಿರಬಹುದು. ಆಮೇಲೆ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಮಾಡಿಸಿ. ಅದು ವಿಂಡೋಸ್ ಪೂರ್ತಿ ಏಳುವ ಮುನ್ನವೇ ಹುಡುಕುವುದರಿಂದ ಅಡಗಿಕೊಂಡವುಗಳಿಗೆ ಅಡಗುವ ಜಾಗ ಕಡಿಮೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿ ಉಚಿತ ಶುದ್ಧೀಕರಣ ಸಾಧನಗಳೂ ಇವೆ.

ವಿಂಡೋಸ್ 10 ಬಳಸುತ್ತಿರುವವರಿಗೆ ಇನ್ನೊಂದು ವಿಷಯವಿದೆ. ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಡಿಫೆಂಡರ್‌ನ ಗುರುತುಪಟ್ಟಿಗಳು 2028ರ ಅಕ್ಟೋಬರ್‌ವರೆಗೆ ಬರುತ್ತವೆ ಎಂದು ಮೈಕ್ರೋಸಾಫ್ಟ್ ಹೇಳಿದ್ದರೂ, ವಿಂಡೋಸ್‌ನಲ್ಲೇ ಬಿದ್ದ ತೂತನ್ನು ಗುರುತುಪಟ್ಟಿ ಮುಚ್ಚಲಾರದು. ಯಂತ್ರವನ್ನು ವಿಂಡೋಸ್ 11ಕ್ಕೆ ಏರಿಸಿದ ದಿನ ನೋಟ್‌ಬುಕ್ಕಿನ ಹೊಸ ಪುಟ ತೆರೆದು, ನುಡಿಯಿಂದ ಮೊದಲುಮಾಡಿ, ಮೇಲಿನ ನಾಲ್ಕನೆಯ ಭಾಗದ ಪರೀಕ್ಷೆಯನ್ನು ಮತ್ತೊಮ್ಮೆ ಪೂರ್ತಿ ಮಾಡಬೇಕಾಗುತ್ತದೆ.